ಕೀ ತಿರುಗದ ಮಾರುತಿ 800: ಸ್ಟೇರಿಂಗ್ ಕಾಲಂ ಬಿಚ್ಚಿ ಕಟ್ಟಿದ ಮೂರು ವಾರ

ಕಾರು 1996ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರ್, ನಾಲ್ಕು ಗೇರ್. ಪವರ್ ಸ್ಟೇರಿಂಗ್ ಇಲ್ಲ, ಏಸಿ ಇಲ್ಲ, ಏರ್‌ಬ್ಯಾಗ್ ಅಂತೂ ಇಲ್ಲವೇ ಇಲ್ಲ. ಕೊನೆಯದನ್ನು ಬೇಕಂತಲೇ ಹೇಳುತ್ತಿದ್ದೇನೆ. ಏರ್‌ಬ್ಯಾಗ್ ಇರುವ ಕಾರಿನ ಸ್ಟೇರಿಂಗ್‌ಗೆ ಇದನ್ನು ಓದಿಕೊಂಡು ಕೈ ಹಾಕಬೇಡಿ. ಅದು ಬೇರೆಯೇ ಕೆಲಸ, ಮುಖಕ್ಕೇ ಸಿಡಿಯುವ ಸಾಮಾನು ಅದರೊಳಗೆ ಇರುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಪ್ಲಗ್ ಬದಲಿಸಿದ್ದೇನೆ, ಬ್ರೇಕ್ ಲೈನರ್ ಹಾಕಿದ್ದೇನೆ, ಅಷ್ಟೇ. ಸ್ಟೇರಿಂಗ್ ಬಿಚ್ಚಿದ್ದು ಇದೇ ಮೊದಲು. ಒಂದು ದಿನದ ಕೆಲಸ ಅಂದುಕೊಂಡಿದ್ದು ಮೂರು ವಾರ ತಿಂದಿತು. ಅದರಲ್ಲಿ ಅರ್ಧ ನನ್ನದೇ ತಪ್ಪು.

ಜೂನ್ 29, ಶನಿವಾರ

ಊರು ತೀರ್ಥಹಳ್ಳಿ ಹತ್ತಿರ. ಕೆಲಸ ಶಿವಮೊಗ್ಗದಲ್ಲಿ, ಶನಿವಾರ ಮನೆಗೆ ಬರುತ್ತೇನೆ. ಬಂದು ಛತ್ರಿ ಮಡಚುವ ಮೊದಲೇ ಅಪ್ಪಯ್ಯ, "ಕಾರಿನ ಕೀ ತಿರುಗ್ತಾ ಇಲ್ಲ ಮಾರಾಯ, ಎಂತಾಯ್ತು ನೋಡು" ಅಂದರು.

ಕೀ ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಸ್ಟೇರಿಂಗ್ ಸ್ವಲ್ಪ ಎಡಕ್ಕೆ ವಾಲಿ ಲಾಕ್ ಆಗಿ ನಿಂತಿದೆ. ಎಲ್ಲರಿಗೂ ಗೊತ್ತಿರುವ ಉಪಾಯ ಮೊದಲು ಮಾಡಿದೆ. ಸ್ಟೇರಿಂಗನ್ನು ಆಚೆ ಈಚೆ ಅಲ್ಲಾಡಿಸುತ್ತಾ ಕೀ ತಿರುಗಿಸುವುದು. ಲಾಕಿನ ಪಿನ್ನು ಶಾಫ್ಟಿನ (ಸ್ಟೇರಿಂಗಿನಿಂದ ಕೆಳಗೆ ಇಳಿಯುವ ಕಬ್ಬಿಣದ ಸರಳು) ಕಚ್ಚಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಇಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಬಿಡಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟೆ. ಇಲ್ಲ. ಪೆನ್ಸಿಲ್ ಕಡ್ಡಿ ಪುಡಿ ಮಾಡಿ ಕೀಗೆ ಸವರಿದೆ. ಸ್ಪ್ರೇ ಹೊಡೆದ ಮೇಲೆ ಪುಡಿ ಹಾಕಿದರೆ ಎರಡೂ ಸೇರಿ ಮಸಿ ಆಗುತ್ತದೆ ಅಷ್ಟೇ, ಅದನ್ನೂ ಕಲಿತೆ.

ಇನ್ನೊಂದು ಕೀ ಇದೆಯಲ್ಲ ಅಂತ ತಂದರೆ ಅದು ಇದನ್ನೇ ನೋಡಿ ಮಾಡಿಸಿದ ಡೂಪ್ಲಿಕೇಟ್. ಸವೆದ ಕೀಗೆ ಹುಟ್ಟಿದ ಕೀ, ಹುಟ್ಟುವಾಗಲೇ ಸವೆದಿತ್ತು. ಕಾರಿನ ಜೊತೆ ಬಂದ ಅಸಲಿ ಎರಡನೇ ಕೀ ಎಲ್ಲಿ ಅಂತ ಕೇಳಿದರೆ ಅಮ್ಮ ಅಪ್ಪಯ್ಯನ ಮುಖ ನೋಡಿದರು, ಅಪ್ಪಯ್ಯ ಮಳೆ ನೋಡಿದರು.

ಕೀ ಸವೆಯಲು ಕಾರಣ ಕೈಯಲ್ಲೇ ಇತ್ತು. ಅಪ್ಪಯ್ಯನ ಗೊಂಚಲು. ಮನೆ ಬೀಗದ ಕೀ, ಅಡಿಕೆ ಗೋಡೌನ್ ಕೀ, ಪಂಪ್‌ಹೌಸ್ ಕೀ, ಕಪಾಟಿನದು ಎರಡು, ಮಾರಿ ಹತ್ತು ವರ್ಷವಾದ ಬೈಕಿನದೊಂದು, ಜೊತೆಗೆ ಹಿತ್ತಾಳೆಯ ಗಂಟೆ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ, 310 ಗ್ರಾಂ. ನಮ್ಮ ರಸ್ತೆಯ ಗುಂಡಿಗಳಲ್ಲಿ ಇಷ್ಟು ಭಾರ 28 ವರ್ಷ ಲಾಕಿನ ಬಾಯಲ್ಲಿ ಜೋತಾಡಿದರೆ ಒಳಗಿನ ಹಲ್ಲುಗಳು ಉಳಿಯುತ್ತವಾ?

ಪೇಟೆಯ ಗ್ಯಾರೇಜೊಂದಕ್ಕೆ ಫೋನ್ ಮಾಡಿದೆ. ಸ್ಟೇರಿಂಗ್ ಲಾಕ್ ಆಗಿರುವುದರಿಂದ ಎಳೆದು ತರಲು ಆಗುವುದಿಲ್ಲ, ಮುಂದಿನ ಚಕ್ರ ಎತ್ತಿಯೇ ತರಬೇಕು, ಎಲ್ಲ ಸೇರಿ 4,500 ಅಂದರು. ಅನ್ಯಾಯದ ರೇಟೇನಲ್ಲ. ಆದರೆ ಇಂಡಿಕೇಟರ್ ಕಡ್ಡಿಯೂ ಹೋದ ವರ್ಷದಿಂದ ತಾನಾಗಿ ವಾಪಸ್ ಬರುತ್ತಿರಲಿಲ್ಲ, ಹೇಗೂ ಅದೇ ಜಾಗ ಬಿಚ್ಚಬೇಕು. ನಾನೇ ನೋಡುತ್ತೇನೆ ಅಂದುಬಿಟ್ಟೆ.

ಜೂನ್ 30, ಭಾನುವಾರ

ಹತ್ತಿರ ಇಟ್ಟುಕೊಂಡ ಸಾಮಾನು: 10-11, 12-13, 16-17ರ ರಿಂಗ್ ಸ್ಪ್ಯಾನರ್, ಸಾಕೆಟ್ ಸೆಟ್, ದಪ್ಪ ಮತ್ತು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಸುತ್ತಿಗೆ, ಸಣ್ಣ ಉಳಿ, ಟಾರ್ಚ್. ಸ್ಕ್ರೂ ಹಾಕಿಡಲು ಮೊಟ್ಟೆ ಟ್ರೇ. ಪ್ರತಿ ಗುಳಿಗೆ ಒಂದೊಂದು ಭಾಗದ ಸ್ಕ್ರೂ, ಪಕ್ಕದಲ್ಲಿ ಪೆನ್ನಿನಿಂದ ಹೆಸರು. ಈ ಇಡೀ ಕೆಲಸದಲ್ಲಿ ನಾನು ಮೊದಲಿಗೇ ಸರಿಯಾಗಿ ಮಾಡಿದ್ದು ಇದೊಂದೇ.

ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, 10 ನಂಬರ್. ಇಗ್ನಿಷನ್ ಲಾಕಿಗೆ ಬರುವ ದಪ್ಪ ತಂತಿಯಲ್ಲಿ ಕೀ ಆಫ್ ಇದ್ದರೂ ಕರೆಂಟು ಇರುತ್ತದೆ. ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ.

ಸ್ಟೇರಿಂಗ್ ನಡುವಿನ ಹಾರ್ನ್ ಪ್ಯಾಡ್ ತೆಗೆದರೆ ಒಳಗೆ 17ರ ನಟ್ಟು. ಇಲ್ಲೊಂದು ಮಾತು. ನಟ್ಟು ಸಡಿಲ ಮಾಡುವಾಗ ಲಾಕ್ ಹೇಗೂ ಹಿಡಿದುಕೊಂಡಿದೆಯಲ್ಲ ಅಂತ ಸ್ಪ್ಯಾನರ್ ಮೇಲೆ ಭಾರ ಹಾಕಬೇಡಿ. ಆ ಜೋರೆಲ್ಲ ಲಾಕಿನ ಪಿನ್ನಿನ ಮೇಲೆ ಬೀಳುತ್ತದೆ. ಅಪ್ಪಯ್ಯನನ್ನು ಕೂರಿಸಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿಸಿದೆ, ನಾನು ನಟ್ಟು ತಿರುಗಿಸಿದೆ.

ನಟ್ಟನ್ನು ಪೂರ್ತಿ ತೆಗೆಯಲಿಲ್ಲ, ನಾಲ್ಕು ಸುತ್ತು ಬಿಟ್ಟೆ. ಸ್ಟೇರಿಂಗ್ ಹಲ್ಲುಗಳಲ್ಲಿ ಗಟ್ಟಿ ಕೂತಿರುತ್ತದೆ, ಎಳೆಯುವಾಗ ಒಮ್ಮೆಲೇ ಬಿಟ್ಟುಕೊಂಡರೆ ನೇರ ಮೂಗಿಗೆ. ನಟ್ಟು ಇದ್ದರೆ ಅಲ್ಲೇ ತಡೆಯುತ್ತದೆ. ಎಡಗಡೆ ಬಲಗಡೆ ಸರದಿಯಲ್ಲಿ ಎಳೆದೆ. ಐದನೇ ಸಲಕ್ಕೆ 'ಟಪ್' ಅಂತ ಬಂತು. ಬರದಿದ್ದರೆ ಪುಲ್ಲರ್ (ಬಿಗಿ ಕೂತದ್ದನ್ನು ಎಳೆದು ತೆಗೆಯುವ ಸಾಧನ) ಹಾಕಬೇಕು. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಬಾರದು. ಅಪಘಾತವಾದರೆ ಎದೆಗೆ ಚುಚ್ಚದೆ ಕುಗ್ಗಲಿ ಅಂತ ಎಷ್ಟೋ ಕಾರುಗಳ ಕಾಲಂ (ಶಾಫ್ಟು ಹಾದು ಹೋಗುವ ಕೊಳವೆ) ಒಳಗೆ ಪ್ಲಾಸ್ಟಿಕ್ ಪಿನ್ನು ಇಟ್ಟಿರುತ್ತಾರೆ, ಹೊಡೆತಕ್ಕೆ ಅದು ಮುರಿದರೆ ಕಾಲಮ್ಮೇ ಗುಜರಿಗೆ.

ತೆಗೆಯುವ ಮೊದಲು ಸ್ಟೇರಿಂಗ್ ಮತ್ತು ಶಾಫ್ಟ್ ಎರಡಕ್ಕೂ ಸೇರಿಸಿ ವೈಟ್ನರ್ ಪೆನ್ನಿನಿಂದ ಗೆರೆ ಎಳೆದಿದ್ದೆ. ಬುದ್ಧಿವಂತ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಇನ್ನೊಂದು ಗೆರೆ ಎಳೆಯಬೇಕಿತ್ತು ಅನ್ನುವುದು ಎರಡು ವಾರ ಕಳೆದ ಮೇಲೆ ಗೊತ್ತಾಯಿತು.

ಕಾಲಂ ಸುತ್ತ ಇರುವ ಪ್ಲಾಸ್ಟಿಕ್ ಕವರ್ ಮೇಲೊಂದು ಕೆಳಗೊಂದು. ಸ್ಕ್ರೂಗಳು ಕೆಳಗಿನಿಂದ. ಒಂದು ಸ್ಕ್ರೂ ತುಕ್ಕು ಹಿಡಿದಿತ್ತು, ಒತ್ತಿ ತಿರುಗಿಸಿದ್ದಕ್ಕೆ ಕವರಿನ ಮೂಲೆಯೇ ಕಿತ್ತು ಬಂತು. 28 ವರ್ಷದ ಪ್ಲಾಸ್ಟಿಕ್ ಹಪ್ಪಳದ ಹಾಗೆ.

ಅದರೊಳಗೆ ಕಾಂಬಿನೇಷನ್ ಸ್ವಿಚ್. ಬಲಗಡೆ ಲೈಟು ಮತ್ತು ಇಂಡಿಕೇಟರ್ ಕಡ್ಡಿ, ಎಡಗಡೆ ವೈಪರ್ ಕಡ್ಡಿ. ಸ್ಕ್ರೂ ಬಿಚ್ಚಿ, ತಂತಿಗಳನ್ನು ಜೋಡಿಸುವ ಕಪ್ಲರ್‌ನ ನಾಲಿಗೆ ಒತ್ತಿ ಎಳೆದರೆ ಇಡೀ ಸ್ವಿಚ್ ಶಾಫ್ಟಿನಿಂದ ಉಂಗುರದ ಹಾಗೆ ಹೊರಗೆ ಬರುತ್ತದೆ. ತಂತಿ ಹಿಡಿದು ಎಳೆಯಬೇಡಿ, ಕಪ್ಲರ್ ಹಿಡಿದು ಎಳೆಯಿರಿ. ಇಂಡಿಕೇಟರ್ ಯಾಕೆ ವಾಪಸ್ ಬರುತ್ತಿರಲಿಲ್ಲ ಅನ್ನುವುದೂ ಕಂಡಿತು. ಸ್ಟೇರಿಂಗ್ ತಿರುಗಿ ಬರುವಾಗ ಕಡ್ಡಿಯನ್ನು ನೂಕುವ ಬಿಳಿ ಪ್ಲಾಸ್ಟಿಕ್ ಕೊಕ್ಕೆ ತುಂಡಾಗಿ ಗ್ರೀಸಿನಲ್ಲಿ ಅಂಟಿಕೊಂಡಿತ್ತು. ಗ್ರೀಸು ಕಪ್ಪಗೆ, ಬೆಲ್ಲದ ಪಾಕ ಆರಿದ ಹಾಗೆ.

ಇಷ್ಟಾಗುವಾಗ ಮಧ್ಯಾಹ್ನ ಹನ್ನೆರಡೂವರೆ. ಊಟಕ್ಕೆ ಮೊದಲು ಲಾಕ್ ತೆಗೆದುಬಿಡೋಣ ಅಂದುಕೊಂಡೆ. ಎಂಥ ಧೈರ್ಯ ಅಲ್ವಾ!

ತಲೆ ಇಲ್ಲದ ಎರಡು ಬೋಲ್ಟು

ಇಗ್ನಿಷನ್ ಲಾಕ್ ಕಾಲಂ ಕೊಳವೆಗೆ ಕ್ಲಾಂಪಿನಂತೆ ತಬ್ಬಿ ಕೂತಿರುತ್ತದೆ. ಒಂದು ಕಡೆ ಲಾಕಿನ ಮೈ, ಇನ್ನೊಂದು ಕಡೆ ಅರ್ಧಚಂದ್ರದಂಥ ತುಂಡು, ಎರಡನ್ನೂ ಹಿಡಿಯಲು ಎರಡು ಬೋಲ್ಟು. ಆ ಬೋಲ್ಟುಗಳಿಗೆ ತಲೆ ಇಲ್ಲ. ಫ್ಯಾಕ್ಟರಿಯಲ್ಲಿ ಹಾಕುವಾಗ ತಲೆ ಇರುತ್ತದೆ. ಬಿಗಿ ಮಾಡುತ್ತಾ ಹೋದ ಹಾಗೆ ಒಂದು ಹಂತದಲ್ಲಿ ತಲೆ ಮುರಿದು ಕೈಗೆ ಬರುತ್ತದೆ, ಉಳಿಯುವುದು ನುಣ್ಣಗಿನ ಗುಂಡು ತುದಿ. ಸ್ಪ್ಯಾನರ್ ಹಿಡಿಯಲು ಮೂಲೆ ಇಲ್ಲ, ಸ್ಕ್ರೂಡ್ರೈವರ್ ಹಾಕಲು ಗೀರಿಲ್ಲ. ಕಳ್ಳ ಸುಲಭವಾಗಿ ಲಾಕ್ ಬಿಚ್ಚಬಾರದು ಅಂತ. ಕಳ್ಳನಿಗೆ ಎಷ್ಟು ತೊಂದರೆಯೋ ಮಾಲೀಕನಿಗೂ ಅಷ್ಟೇ.

ಇದನ್ನು ತೆಗೆಯುವ ಕ್ರಮ ಕಾಗದದ ಮೇಲೆ ಸುಲಭ. ತುದಿಯ ಅಂಚಿನಲ್ಲಿ ಚೂಪು ಮೊನೆಯ ಉಕ್ಕಿನ ಕಡ್ಡಿಯಾದ ಸೆಂಟರ್ ಪಂಚ್‌ನಿಂದ ಒಂದು ಗುಳಿ ಮಾಡಿ, ಆಮೇಲೆ ಪಂಚನ್ನು ಓರೆಯಾಗಿ ಹಿಡಿದು ಎಡಕ್ಕೆ ತಿರುಗುವ ಹಾಗೆ ಬಡಿಯುತ್ತಾ ಹೋಗುವುದು. ಬೋಲ್ಟು ಕೂದಲೆಳೆಯಷ್ಟು ತಿರುಗುತ್ತದೆ, ಮತ್ತೆ ಕೂದಲೆಳೆಯಷ್ಟು, ಆಮೇಲೆ ಕೈಗೆ ಸಿಗುತ್ತದೆ.

ಕಾಲಂ ಕಾರಿನಲ್ಲೇ ಇರುವಾಗ ಬೋಲ್ಟಿನ ತುದಿಗಳು ಡ್ಯಾಶ್‌ಬೋರ್ಡಿನ ಕಡೆಗೆ ಮುಖ ಮಾಡಿವೆ. ಹಾಗಾಗಿ ಕಾಲಮ್ಮಿನ ಮೇಲಿನ ಬ್ರ್ಯಾಕೆಟ್ಟಿನ ಎರಡು ಬೋಲ್ಟು ತೆಗೆದು (12 ನಂಬರ್) ಕಾಲಂ ಕೆಳಗೆ ಇಳಿಸಿದೆ. ಇಳಿಸಿದೆ ಅಂದರೆ ಬಿತ್ತು, ನನ್ನ ಮಂಡಿ ಮೇಲೆ. ಸೀಟಿನ ಮೇಲೆ ಬೆನ್ನು, ಬಾಗಿಲಿನಾಚೆ ಕಾಲು, ಬಾಯಲ್ಲಿ ಟಾರ್ಚು. ಸೆಂಟರ್ ಪಂಚ್ ಇರಲಿಲ್ಲ, ಉಳಿಯಲ್ಲೇ ಆಗುತ್ತದೆ ಅಂದುಕೊಂಡೆ. ಸುತ್ತಿಗೆ ಬೀಸಲು ಗೇಣು ಜಾಗವೂ ಇಲ್ಲ. ಹತ್ತು ಹನ್ನೆರಡು ಏಟಿನ ಮೇಲೆ ಉಳಿ ಜಾರಿತು. ಪಕ್ಕದ ವೈರಿಂಗ್ ಕಟ್ಟಿನಲ್ಲಿ ಒಂದು ತಂತಿಯ ಸಿಪ್ಪೆ ಸೀಳಿ ತಾಮ್ರ ಕಂಡಿತು. ಬ್ಯಾಟರಿ ಬಿಚ್ಚಿದ್ದಕ್ಕೆ ಬಚಾವ್. ಟೇಪ್ ಸುತ್ತಿ, ಉಳಿ ಕೆಳಗಿಟ್ಟು, ಊಟಕ್ಕೆ ಹೋದೆ. ಆವತ್ತಿಗೆ ಅಷ್ಟೇ. ಕಾಲಂ ಪೂರ್ತಿ ಹೊರಗೆ ತೆಗೆಯದೆ ಈ ಕೆಲಸ ನನ್ನಿಂದ ಆಗುವುದಿಲ್ಲ ಅಂತ ಗೊತ್ತಾಯಿತು.

ಜುಲೈ 3, ಬುಧವಾರ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋದೆ. 800ರ ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಆದರೂ ಬಿಡಿಭಾಗ ಕೇಳಿದರೆ ಅಂಗಡಿಯವರು ಹುಬ್ಬು ಕೂಡ ಏರಿಸುವುದಿಲ್ಲ, "ಹಳೇದಾ ಹೊಸದಾ?" ಅಂತ ಮಾತ್ರ ಕೇಳುತ್ತಾರೆ. ಹಳೇದು ಅಂದರೆ ಕಾರ್ಬೊರೇಟರ್ ಗಾಡಿ. ಹಳೇ ಸ್ವಿಚ್ಚನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಮೊದಲು ಕೊಟ್ಟದ್ದರ ಕಪ್ಲರ್ ಬೇರೆ ಇತ್ತು. ಎರಡನೆಯದು ಹೊಂದಿತು, 920 ರೂಪಾಯಿ. ಇಗ್ನಿಷನ್ ಲಾಕ್ ಸೆಟ್ 850, ಎರಡು ಕೀ ಮತ್ತು ಎರಡು ಹೊಸ ಬೋಲ್ಟು (ತಲೆ ಇರುವವು!) ಸಮೇತ. ಸೆಂಟರ್ ಪಂಚ್ 90. 3, 5 ಮತ್ತು 8 ಎಂಎಂ ಡ್ರಿಲ್ ಬಿಟ್ 210. ತುಕ್ಕು ಸ್ಪ್ರೇ ಮನೆಯಲ್ಲಿದ್ದದ್ದು ಮುಗಿದಿತ್ತು, ಹೊಸ ಡಬ್ಬಿ 240. ಸ್ಕ್ರೂ, ಟೇಪು, ಗ್ರೀಸು ಅಂತ ಚಿಲ್ಲರೆ 110.

ಬಾಗಿಲಿನ ಲಾಕೂ ಸೇರಿದ ಪೂರ್ತಿ ಸೆಟ್ ಬೇಕಾ ಅಂದರು. ಬೇಡ ಅಂದೆ. ಅದರ ಬಗ್ಗೆ ಅಮ್ಮನಿಂದ ಈಗಲೂ ಮಾತು ಕೇಳುತ್ತಿದ್ದೇನೆ.

ಜುಲೈ 6, ಶನಿವಾರ

ಕಾಲಂ ಹೊರಗೆ ತೆಗೆಯಬೇಕಾದರೆ ಶಾಫ್ಟಿನ ಕೆಳತುದಿಯ ಜಾಯಿಂಟ್ ಬಿಡಿಸಬೇಕು. ಅದು ರ‍್ಯಾಕಿನ ಪಿನಿಯನ್ (ಚಕ್ರ ಹೊರಳಿಸುವ ಅಡ್ಡ ಸರಳನ್ನು ತಳ್ಳುವ ಸಣ್ಣ ಗೇರು) ಹಲ್ಲುಗಳ ಮೇಲೆ ಟೋಪಿಯಂತೆ ಕೂತಿರುತ್ತದೆ, ಅಡ್ಡಕ್ಕೊಂದು ಬೋಲ್ಟು ಅದನ್ನು ಬಿಗಿ ಹಿಡಿದಿರುತ್ತದೆ. ಅದೂ 12ರದ್ದೇ. ಪೆಡಲ್‌ಗಳ ಕಡೆಗೆ ತಲೆ ತೂರಿಸಿ, ಸ್ಪ್ರೇ ಹೊಡೆದು, ಕಾದು, ಸಡಿಲ ಮಾಡಿದೆ. ನಾಲ್ಕೈದು ಸುತ್ತು ಬಿಟ್ಟಿತು. ಇನ್ನು ಎಳೆದರೆ ಬರುತ್ತದೆ ಅಂತ ಎಳೆದೆ.

ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಜಾಯಿಂಟಿನ ಸೀಳನ್ನು ಅಗಲ ಮಾಡಿದೆ. ಮತ್ತೆ ಸ್ಪ್ರೇ. ಮರದ ತುಂಡು ಇಟ್ಟು ಕೆಳಗಿನಿಂದ ಮೇಲಕ್ಕೆ ಬಡಿದೆ. ಒಂದು ಗಂಟೆ ಹತ್ತು ನಿಮಿಷ. ಮಳೆ ಶೆಡ್ಡಿನ ತಗಡಿನ ಮೇಲೆ ಸುರಿಯುತ್ತಿತ್ತು, ನಾನು ಬೈದದ್ದು ಯಾರಿಗೂ ಕೇಳಿಸಲಿಲ್ಲ.

ಆಚೆಮನೆ ಭಾವ ಹಾಲು ಕೊಡಲು ಬಂದವರು ನನ್ನ ಕಾಲು ಮಾತ್ರ ಹೊರಗೆ ಕಾಣುತ್ತಿದ್ದದ್ದು ನೋಡಿ ನಿಂತರು. ಹಿಂದೆ ಜೀಪು ಇಟ್ಟಿದ್ದವರು.

"ಎಂತ ತೆಗೀತಿದ್ದೆ?"

"ಜಾಯಿಂಟು ಭಾವ. ಹಿಡ್ಕೊಂಡು ಬಿಟ್ಟಿದೆ."

"ಬೋಲ್ಟು ಪೂರ್ತಿ ತೆಗ್ದ್ಯಾ, ಸಡಿಲ ಮಾಡಿದ್ದಷ್ಟೆಯಾ?"

"ಸಡಿಲ..."

"ಪೂರ್ತಿ ತೆಗಿ ಮಾರಾಯ."

ತೆಗೆದೆ. ಜಾಯಿಂಟು ಒಂದೇ ಎಳೆತಕ್ಕೆ ಕೈಗೆ ಬಂತು. ಪಿನಿಯನ್ ಶಾಫ್ಟಿನ ಹಲ್ಲುಗಳ ನಡುವೆ ಅಡ್ಡಕ್ಕೆ ಅರ್ಧ ದುಂಡನೆಯ ಒಂದು ಕಚ್ಚು ಇದೆ, ಬೋಲ್ಟು ಅದರೊಳಗೆ ಹಾದು ಹೋಗುತ್ತದೆ. ಬೋಲ್ಟು ಸಡಿಲವಾದರೂ ಸ್ಟೇರಿಂಗ್ ಕಳಚಿಕೊಂಡು ಬರಬಾರದು ಅಂತ ಮಾಡಿರುವ ವ್ಯವಸ್ಥೆ. ಅಂದರೆ ಒಂದು ಗಂಟೆ ನಾನು ಬಡಿದಾಡಿದ್ದು ತುಕ್ಕಿನ ಜೊತೆ ಅಲ್ಲ, ಆ ಬೋಲ್ಟಿನ ಜೊತೆ. ಬೋಲ್ಟಿನ ಮೈಗೆ ಗೀರು ಬಿದ್ದಿತ್ತು. ಅದೇ ದರ್ಜೆಯ ಹೊಸದನ್ನು ಆಮೇಲೆ ಅದೇ ಅಂಗಡಿಯಿಂದ ತಂದೆ, ಅದು ಮೇಲಿನ ಚಿಲ್ಲರೆಯಲ್ಲೇ ಸೇರಿದೆ. ಈ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಹಾಕಬೇಡಿ.

ಖುಷಿಯಲ್ಲಿ ಕಾಲಂ ಎತ್ತಿಕೊಂಡು ಹೊರಗೆ ಬಂದೆ. ಜಾಯಿಂಟಿಗೂ ಪಿನಿಯನ್‌ಗೂ ಗೆರೆ ಎಳೆದಿರಲಿಲ್ಲ. ಆಗ ಹೊಳೆಯಲೂ ಇಲ್ಲ.

ಜುಲೈ 7, ಭಾನುವಾರ

ಗೋಡೌನಿನ ಮೇಜಿನ ಮೇಲೆ ಗೋಣಿಚೀಲ ಹಾಸಿ ಕಾಲಂ ಮಲಗಿಸಿದೆ. ಹಿಂದಿನ ರಾತ್ರಿಯೇ ಎರಡೂ ಬೋಲ್ಟಿಗೆ ಸ್ಪ್ರೇ ಹೊಡೆದಿಟ್ಟಿದ್ದೆ. ಬೆಳಕಿದೆ, ಜಾಗ ಇದೆ, ಕೂರಲು ಸ್ಟೂಲ್ ಇದೆ. ಹೋದ ವಾರದ ಗೋಳಾಟ ನೆನೆದು ನಗು ಬಂತು.

ಮೊದಲ ಬೋಲ್ಟು: ಅಂಚಿನಲ್ಲಿ ಪಂಚ್ ಇಟ್ಟು ಒಂದು ಜೋರು ಏಟು, ಗುಳಿ ಬಿತ್ತು. ಪಂಚ್ ಓರೆ ಮಾಡಿ ಸಣ್ಣ ಸಣ್ಣ ಏಟು. ಹದಿನೈದು ಏಟಿನವರೆಗೆ ಏನೂ ಇಲ್ಲ. ಆಮೇಲೆ ಬೋಲ್ಟಿನ ಬುಡದಲ್ಲಿ ಕೆಂಪು ತುಕ್ಕಿನ ಗೆರೆಯೊಂದು ಬಿರಿದದ್ದು ಕಂಡಿತು. ತಿರುಗಿದೆ! ಇನ್ನು ಹತ್ತು ಏಟಿಗೆ ಬೆರಳಲ್ಲಿ ತಿರುಗಿಸಿ ತೆಗೆದೆ.

ಎರಡನೆಯದು: ಇದೇ ಜೂನ್ 30ರಂದು ಉಳಿಯಿಂದ ನಾನು ಕೆಡಿಸಿದ್ದ ಬೋಲ್ಟು. ಅಂಚು ಆಗಲೇ ನುಜ್ಜಾಗಿತ್ತು. ಪಂಚ್ ಕೂರುವುದಿಲ್ಲ, ಕೂತರೆ ಲೋಹ ಸಿಪ್ಪೆಯಂತೆ ಏಳುತ್ತದೆ. ಆಕ್ಸಾ ಬ್ಲೇಡಿನಿಂದ ಗೀರು ಹಾಕೋಣ ಅಂದರೆ ತುದಿ ಕ್ಲಾಂಪಿನ ಗುಳಿಯೊಳಗೆ ಇಳಿದಿದೆ, ಬ್ಲೇಡು ತಾಗುವುದಿಲ್ಲ. ಇನ್ನು ಡ್ರಿಲ್ ಒಂದೇ ದಾರಿ.

ನಡುವಿಗೆ ಗುಳಿ ಮಾಡಿ 3 ಎಂಎಂ ಬಿಟ್ ಹಾಕಿದೆ. ಚೆನ್ನಾಗಿ ಇಳಿಯುತ್ತಿತ್ತು. ಅವಸರ ಮಾಡಿ ಒತ್ತಿದೆ, ಡ್ರಿಲ್ ಸ್ವಲ್ಪ ವಾಲಿತು, ಬಿಟ್ ಒಳಗೇ ಮುರಿಯಿತು. ಬಿಟ್ಟಿನ ಉಕ್ಕು ಬೋಲ್ಟಿಗಿಂತ ಗಟ್ಟಿ, ಅದರ ಮೇಲೆ ಇನ್ನೊಂದು ಬಿಟ್ ಹಾಕಿದರೆ ಜಾರುತ್ತದೆ. ಪಂಚಿನ ಮೊನೆಯಿಂದ ಚೂರು ಚೂರಾಗಿ ಒಡೆದು, ಕಾಲಂ ತಲೆಕೆಳಗು ಮಾಡಿ ಉದುರಿಸಿದೆ. ಮುಕ್ಕಾಲು ಗಂಟೆ ಅದಕ್ಕೇ ಹೋಯಿತು. ಪೇಟೆಗೆ ಹೋಗಿ ಇನ್ನೊಂದು ಬಿಟ್, 60 ರೂಪಾಯಿ.

ಎರಡನೇ ಸಲ ನಿಧಾನ. ಕಡಿಮೆ ವೇಗ, ತುದಿಗೆ ಎರಡು ಹನಿ ಎಂಜಿನ್ ಆಯಿಲ್, ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ಪುಡಿ ಊದುವುದು. 3, ಆಮೇಲೆ 5, ಆಮೇಲೆ 8. ಬೋಲ್ಟಿನ ಕೊರಳಿನವರೆಗೆ ಮಾತ್ರ ಕೊರೆಯಬೇಕು. 8ರ ಬಿಟ್ ನಾಲ್ಕು ಎಂಎಂ ಇಳಿದಾಗ ತಲೆಯ ಭಾಗ ಬಳೆಯಂತೆ ಬಿಟ್ಟಿಗೆ ಸುತ್ತಿಕೊಂಡು ಮೇಲೆ ಬಂತು. ಕ್ಲಾಂಪ್ ಕಳಚಿತು. ಒಳಗೆ ಉಳಿದ ಕಡ್ಡಿಯನ್ನು ವೈಸ್ ಗ್ರಿಪ್‌ನಲ್ಲಿ ಹಿಡಿದರೆ ಬೆಣ್ಣೆಯ ಹಾಗೆ ತಿರುಗಿತು. ಅಷ್ಟೊತ್ತು ಹಠ ಹಿಡಿದಿದ್ದು ತಲೆಯ ಬಿಗಿತ, ಬೋಲ್ಟಿನ ಥ್ರೆಡ್ಡಿನಲ್ಲಿ ಅಂಥ ತುಕ್ಕೇನೂ ಇರಲಿಲ್ಲ.

ಕೊಳವೆಯಲ್ಲಿ ಲಾಕಿನ ಪಿನ್ನು ಹೋಗುವ ಚೌಕದ ಕಿಂಡಿ ಕಾಣುತ್ತದೆ. ಅದರೊಳಗೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನೆಲ್ಲ ಬಟ್ಟೆ ಮತ್ತು ಮ್ಯಾಗ್ನೆಟ್‌ನಿಂದ ತೆಗೆದೆ. ಇದನ್ನು ಬಿಟ್ಟುಬಿಟ್ಟರೆ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕರಕರ ಅನ್ನುತ್ತದೆ.

ಹೊಸ ಲಾಕಿಗೆ ನೇರವಾಗಿ ಹೊಸ ಬೋಲ್ಟು ಹಾಕಲಿಲ್ಲ. ತಲೆ ಒಮ್ಮೆ ಮುರಿದರೆ ಮತ್ತೆ ಇವತ್ತಿನ ಪೂಜೆಯೇ. ಅದೇ ಅಳತೆಯ ಸಾದಾ ಬೋಲ್ಟು ಹಾಕಿ, ಕೀಯನ್ನು ತಿರುಗಿಸಿ ಶಾಫ್ಟು ಸಲೀಸಾಗಿ ಸುತ್ತುತ್ತದಾ ನೋಡಿದೆ. ಕೀ ತೆಗೆದು ಶಾಫ್ಟು ತಿರುಗಿಸಿದರೆ ಲಾಕ್ ಬೀಳುತ್ತದಾ ನೋಡಿದೆ. ಇಪ್ಪತ್ತು ಸಲ. ಕಿಂಡಿಗೆ ಪಿನ್ನು ಸ್ವಲ್ಪ ಓರೆ ಕೂತರೆ ಓಡುವಾಗ ಲಾಕ್ ಬೀಳಬಹುದು, ಇದು ಆಟದ ಮಾತಲ್ಲ. ಆಮೇಲೆ ಸಾದಾ ಬೋಲ್ಟು ತೆಗೆದು ಹೊಸವನ್ನು ಹಾಕಿ ಬಿಗಿ ಮಾಡಿದೆ. 'ಟಿಕ್'. ತಲೆ ಸಾಕೆಟ್ಟಿನಲ್ಲೇ ಉಳಿಯಿತು. ಆ ಎರಡು ತಲೆಗಳನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ.

ಜುಲೈ 13, ಶನಿವಾರ

ಜೋಡಿಸುವ ದಿನ. ಎಲ್ಲ ಉಲ್ಟಾ ಕ್ರಮ. ಕೆಳಗಿನ ಜಾಯಿಂಟು ಹಾಕಿ, ಬೋಲ್ಟು ಕಚ್ಚಿನಲ್ಲಿ ಹಾದು ಹೋಗಿದೆ ಅಂತ ನೋಡಿ, ಬಿಗಿ ಮಾಡಿದೆ. ಬ್ರ್ಯಾಕೆಟ್ ಕಟ್ಟಿದೆ. ಹೊಸ ಕಾಂಬಿನೇಷನ್ ಸ್ವಿಚ್ ಹಾಕಿದೆ. ಸ್ಟೇರಿಂಗನ್ನು ವೈಟ್ನರ್ ಗೆರೆಗೆ ಹೊಂದಿಸಿ ಕೂರಿಸಿದೆ. ಕೊನೆಯ ಅರ್ಧ ಇಂಚು ಸರಿಯಾಗಿ ಇಳಿಯುತ್ತಿರಲಿಲ್ಲ. ಹಲ್ಲು ಬಿಗಿ ಇರಬೇಕು, ನಟ್ಟು ಬಿಗಿ ಮಾಡಿದರೆ ತಾನಾಗಿ ಇಳಿಯುತ್ತದೆ ಅಂದುಕೊಂಡು ಮಾಡಿದೆ. ಇಳಿಯಿತು.

ಬ್ಯಾಟರಿ ಹಾಕಿ, ಚೋಕ್ ಎಳೆದು ಕೀ ತಿರುಗಿಸಿದೆ. ಎರಡನೇ ಸಲಕ್ಕೆ ಎಂಜಿನ್ ಎದ್ದಿತು. ಅಮ್ಮ ಅಡುಗೆಮನೆಯಿಂದಲೇ "ಆಯ್ತಾ?" ಅಂತ ಕೂಗಿದರು. ಬಲಗಡೆ ಇಂಡಿಕೇಟರ್ ಹಾಕಿ, ಸ್ಟೇರಿಂಗ್ ತಿರುಗಿಸಿ, ವಾಪಸ್ ತಂದೆ.

'ಟಕ್'.

ಆ ಸದ್ದು ಕೇಳಿದ ಕೂಡಲೇ ಗೊತ್ತಾಯಿತು. ಬಿಚ್ಚಿ ನೋಡಿದರೆ 920 ರೂಪಾಯಿಯ ಹೊಸ ಸ್ವಿಚ್ಚಿನ ಬಿಳಿ ಕೊಕ್ಕೆ ಹಳೆಯದರ ಹಾಗೆಯೇ ತುಂಡು. ಸ್ಟೇರಿಂಗಿನ ಹಿಂಬದಿಯಲ್ಲಿ ಮುಂದಕ್ಕೆ ಚಾಚಿದ ಗುಬಟುಗಳಿವೆ. ಅವು ಸ್ವಿಚ್ಚಿನ ತಿರುಗುವ ಉಂಗುರದ ಕಿಂಡಿಯಲ್ಲಿ ಕೂರಬೇಕು. ಸ್ಟೇರಿಂಗ್ ಕೂರಿಸುವ ಮೊದಲು ಆ ಉಂಗುರವನ್ನು ಬೆರಳಲ್ಲಿ ತಿರುಗಿಸಿ ಹೊಂದಿಸಿಕೊಳ್ಳಬೇಕು. ನಾನು ಹೊಂದಿಸಿರಲಿಲ್ಲ. ಕೊನೆಯ ಅರ್ಧ ಇಂಚು ಇಳಿಯದೆ ಇದ್ದದ್ದು ಅದಕ್ಕೇ. ನಟ್ಟು ಬಿಗಿ ಮಾಡಿದಾಗ ಉಂಗುರ ಜಜ್ಜಿ ಓರೆಯಾಯಿತು, ಮೊದಲ ತಿರುವಿಗೇ ಕೊಕ್ಕೆ ಹೋಯಿತು. ಕೈಯಲ್ಲಿ ಒತ್ತಿದರೆ ಕೂರದ್ದನ್ನು ನಟ್ಟಿನಿಂದ ಎಳೆದು ಕೂರಿಸಿದ್ದು ನಾನೇ. ಅಂಗಡಿಯವರಿಗೆ ಫೋನ್ ಮಾಡಿ ಮಾಲು ಸರಿಯಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. 

ಇಷ್ಟು ಸಾಲದು ಅಂತ ಅಂಗಳದಲ್ಲಿ ಹತ್ತು ಅಡಿ ಮುಂದೆ ಓಡಿಸಿದೆ. ಕಾರು ನೇರ ಹೋಗುತ್ತದೆ, ಸ್ಟೇರಿಂಗ್ ಮಾತ್ರ ಬಲಕ್ಕೆ ವಾಲಿದೆ. ಮೇಲಿನ ಗೆರೆ ಸರಿಯಾಗಿಯೇ ಕೂಡಿದೆ. ತಪ್ಪಿರುವುದು ಕೆಳಗೆ, ಗೆರೆ ಎಳೆಯದ ಜಾಯಿಂಟಿನಲ್ಲಿ, ಒಂದು ಹಲ್ಲು.

ಜುಲೈ 20, ಶನಿವಾರ

ವಾರದ ನಡುವೆ ಇನ್ನೊಂದು ಸ್ವಿಚ್ ತಂದೆ, ಮತ್ತೆ 920. ಅಂಗಡಿಯವರು ಏನೂ ಕೇಳಲಿಲ್ಲ, ಸುಮ್ನೆ ನಕ್ಕರು.

ಕೆಳಗಿನ ಜಾಯಿಂಟು ಸರಿ ಮಾಡಲು ಚಕ್ರ ನೇರ ಇರಬೇಕು. ಮುಂಭಾಗಕ್ಕೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲಿಂದ ಪೂರ್ತಿ ಬಲಕ್ಕೆ ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿದೆ. ಹೊರಗೆ ನಿಂತು ಎರಡೂ ಟೈರ್ ನೋಡಿದೆ, ನೇರ. ಜಾಯಿಂಟಿನ ಬೋಲ್ಟು ತೆಗೆದು (ಪೂರ್ತಿ ತೆಗೆದೆ), ಕಾಲಂ ಸ್ವಲ್ಪ ಮೇಲಕ್ಕೆಳೆದು, ಒಂದು ಹಲ್ಲು ತಿರುಗಿಸಿ ಇಳಿಸಿದೆ. ಈ ಸಲ ಗೆರೆಯನ್ನೂ ಎಳೆದೆ. ಎಂದಾದರೂ ಬೇಕಾಗಬಹುದು.

ಹೊಸ ಸ್ವಿಚ್ಚಿನ ಉಂಗುರದ ಕಿಂಡಿಗೂ ಸ್ಟೇರಿಂಗಿನ ಗುಬಟಿಗೂ ಹೊಂದಿಸಿ ಕೂರಿಸಿದೆ. ನಟ್ಟಿಲ್ಲದೆಯೇ, ಅಂಗೈಯಲ್ಲಿ ಒತ್ತಿದರೆ ಕೊನೆಯವರೆಗೆ ಇಳಿಯಿತು. ಹೀಗೆ ಇಳಿಯಬೇಕು ಅಂತ ಈಗ ಗೊತ್ತು. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಸ್ನೇಹಿತನದು, ಸ್ಟೇರಿಂಗ್ ನಟ್ಟು 33 ನ್ಯೂಟನ್ ಮೀಟರ್‌ಗೆ, ಜಾಯಿಂಟ್ ಬೋಲ್ಟು 25ಕ್ಕೆ ಬಿಗಿ ಮಾಡಿದೆ.

ರಸ್ತೆಗೆ ಇಳಿಸುವ ಮೊದಲು ನಿಂತಲ್ಲೇ ನೋಡಿದ್ದು: ಸ್ಟೇರಿಂಗನ್ನು ಎದೆಯ ಕಡೆಗೆ ಜೋರಾಗಿ ಎಳೆದು ತಳ್ಳಿದೆ, ಅಲ್ಲಾಡಬಾರದು. ಎಂಜಿನ್ ಓಡುವಾಗ ಆ ತುದಿಯಿಂದ ಈ ತುದಿಗೆ ಹತ್ತು ಸಲ ತಿರುಗಿಸಿದೆ, ಲಾಕ್ ಎಲ್ಲೂ ತಡೆಯಬಾರದು. ಹಾರ್ನು, ವೈಪರು, ಡಿಮ್ಮು, ಬ್ರೈಟು, ಎರಡೂ ಕಡೆ ಇಂಡಿಕೇಟರು. ಎಡಕ್ಕೂ ಬಲಕ್ಕೂ ಕಡ್ಡಿ ತಾನಾಗಿ ವಾಪಸ್ ಬಂತು. ಒಂದು ವರ್ಷದ ಮೇಲೆ ಆ 'ಟಿಕ್' ಸದ್ದು ಕೇಳಿದ್ದು.

ಅಪ್ಪಯ್ಯನನ್ನು ಕೂರಿಸಿಕೊಂಡು ತುಂಗಾ ಸೇತುವೆವರೆಗೆ ಹೋಗಿ ಬಂದೆ. ಹೊಳೆ ತುಂಬಿ ಕೆಂಪಗೆ ಹೋಗುತ್ತಿತ್ತು, ಜನ ಛತ್ರಿ ಹಿಡಿದು ನೋಡುತ್ತಾ ನಿಂತಿದ್ದರು. ಅಪ್ಪಯ್ಯ ಹೊಳೆ ನೋಡಲಿಲ್ಲ, ದಾರಿಯುದ್ದಕ್ಕೂ ಸ್ಟೇರಿಂಗ್ ನೇರ ಇದೆಯಾ ಅಂತಲೇ ನೋಡುತ್ತಿದ್ದರು.

ಖರ್ಚು ಎಲ್ಲ ಸೇರಿ 3,400 ರೂಪಾಯಿ. ಇದರಲ್ಲಿ 980 ನನ್ನ ತಪ್ಪಿನ ಬಾಬ್ತು: ಮುರಿದ ಸ್ವಿಚ್ 920, ಮುರಿದ ಬಿಟ್ 60. ಗ್ಯಾರೇಜು ಹೇಳಿದ್ದು 4,500, ಅದೂ ಇಂಡಿಕೇಟರ್ ಸ್ವಿಚ್ ಬಿಟ್ಟು.

ಬಾಕಿ ಉಳಿದದ್ದು: ಕಾಲಂ ಕವರಿನ ಕಿತ್ತ ಮೂಲೆಗೆ ಸದ್ಯಕ್ಕೆ ಕಪ್ಪು ಟೇಪು ಇದೆ, ಗುಜರಿಯಲ್ಲಿ ಸಿಕ್ಕಿದರೆ ಹಾಕಬೇಕು. ಬಾಗಿಲಿಗೆ ಹಳೇ ಕೀ, ಇಗ್ನಿಷನ್‌ಗೆ ಹೊಸ ಕೀ, ಹೀಗಾಗಿ ಎರಡು ಕೀ ಹಿಡಿದುಕೊಂಡು ಓಡಾಡಬೇಕು ಅಂತ ಅಮ್ಮನ ತಕರಾರು. ಹೊಸ ಕೀಯನ್ನು ಒಂಟಿಯಾಗಿ ಮೊಳೆಗೆ ನೇತು ಹಾಕಿದ್ದೆ. ಹೋದ ಶನಿವಾರ ಬಂದು ನೋಡಿದರೆ ಅದು ಗೊಂಚಲಿನಲ್ಲಿ, ಹಿತ್ತಾಳೆ ಗಂಟೆಯ ಪಕ್ಕದಲ್ಲಿತ್ತು. ಬಿಡಿಸಿ ಮತ್ತೆ ಮೊಳೆಗೆ ಹಾಕಿ ಬಂದಿದ್ದೇನೆ.